ಟೆಟ್ರಿಸ್ ಒಂದೇ ಅಲ್ಲ: ಬ್ರಿಕ್ ಗೇಮ್‌ನಿಂದ ಮೊಬೈಲ್‌ವರೆಗೆ, ನಿಮ್ಮ ಕೈಲಿರುವ ಆವೃತ್ತಿಗಳನ್ನು ಹೋಲಿಸಿ ನೋಡುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಸಣ್ಣವರಿದ್ದಾಗ ಶರಣಬಸವೇಶ್ವರ ಜಾತ್ರೆಯಲ್ಲೋ ಬಂದೇ ನವಾಜ್ ಉರುಸಿನಲ್ಲೋ ಕೊಂಡ ಬ್ರಿಕ್ ಗೇಮ್‌ನಲ್ಲಿ ದಿನಗಟ್ಟಲೆ ಆಡಿದವರು ಅವರು. ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸಿ, ತುಂಬಿದ ಸಾಲನ್ನು ಅಳಿಸುವ ಅದೇ ಟೆಟ್ರಿಸ್ ಆಟವನ್ನು ಈಗ ಮೊಬೈಲ್‌ನಲ್ಲಿ ಹಾಕಿಕೊಂಡರೆ ಕೈ ಓಡುವುದಿಲ್ಲ. ಟಿವಿಗೆ ಹಚ್ಚುವ ವಿಡಿಯೋ ಗೇಮ್‌ನಲ್ಲಿ ಆಡಿದ್ದು ಒಂದು ಥರ, ಯೂಟ್ಯೂಬ್‌ನಲ್ಲಿ ಕಾಣುವ ಪಂದ್ಯ ಇನ್ನೊಂದು ಥರ. ವಯಸ್ಸಾಯಿತಾ, ಅಭ್ಯಾಸ ತಪ್ಪಿತಾ ಎಂದು ಕೇಳುತ್ತಾರೆ.

ತಪ್ಪು ನಿಮ್ಮ ಕೈಯದ್ದಲ್ಲ. ಟೆಟ್ರಿಸ್ ಅನ್ನುವ ಒಂದೇ ಹೆಸರಿನಲ್ಲಿ ಹತ್ತಾರು ಬೇರೆ ಬೇರೆ ಆಟಗಳಿವೆ. ತುಂಡುಗಳು ಅವೇ ಏಳು. ಆದರೆ ಅವು ಬೀಳುವ ವೇಗ, ತಿರುಗುವ ರೀತಿ, ಕೆಳಗೆ ಕೂರುವ ಹೊತ್ತು, ಒಂದರ ಹಿಂದೆ ಒಂದು ಬರುವ ಸರದಿ, ಎಲ್ಲ ಬೇರೆ. ಶಹಾಬಾದ್ ಪರಸಿ ಹಾಸುವ ಗೌಂಡಿಯನ್ನು ನೆನೆಸಿಕೊಳ್ಳಿ. ಕಲ್ಲು ಅದೇ. ಆದರೆ ಇಟ್ಟ ಮೇಲೆ ಸ್ವಲ್ಪ ಸರಿಸಲು ಬಿಡುವ ಸಿಮೆಂಟು ಬೇರೆ, ಇಟ್ಟ ಕೂಡಲೇ ಹಿಡಿದುಬಿಡುವ ಸಿಮೆಂಟು ಬೇರೆ. ಎರಡಕ್ಕೂ ಕೈ ಬೇರೆ ಬೇರೆಯಾಗಿ ಪಳಗಬೇಕು.

ಎರಡು ಆವೃತ್ತಿಗಳನ್ನು ಬಣ್ಣ, ಸಂಗೀತ ನೋಡಿ ಹೋಲಿಸುವವರೇ ಜಾಸ್ತಿ. ಕೈಗೆ ತಿಳಿಯುವ ವ್ಯತ್ಯಾಸ ಅಲ್ಲಿಲ್ಲ. ಅದು ಎಲ್ಲಿದೆ, ಅದನ್ನು ಮನೆಯಲ್ಲೇ ಅಳೆಯುವುದು ಹೇಗೆ ಎಂದು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಏನೇನು ಬೇಕು

ಹೆಚ್ಚೇನಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು. ವಿಡಿಯೋ ತೆಗೆಯುವ ಮೊಬೈಲ್ ಒಂದು. ಅದರಲ್ಲಿ ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು. ಹೋಲಿಸಲು ಕನಿಷ್ಠ ಎರಡು ಆವೃತ್ತಿ. ಮೊಬೈಲ್‌ನಲ್ಲೇ ಆಟ ಇದ್ದರೆ ಚಿತ್ರೀಕರಿಸಲು ಮನೆಯವರ ಇನ್ನೊಂದು ಮೊಬೈಲ್ ಬೇಕಾಗುತ್ತದೆ. ಬ್ರಿಕ್ ಗೇಮ್ ಇದ್ದರೆ ಹೊಸ ಪೆನ್ಸಿಲ್ ಸೆಲ್ ಹಾಕಿ. ಸೆಲ್ ಇಳಿದಾಗ ಪರದೆ ಮಸುಕಾಗುತ್ತದೆ, ಆಗ ಮಾಡಿದ ಅಳತೆ ನಂಬಲಾಗುವುದಿಲ್ಲ.

ಒಂದು ಪದ ಮೊದಲೇ ತಿಳಿದಿರಲಿ: ಫ್ರೇಮ್. ಪರದೆಯ ಚಿತ್ರ ಒಂದು ಸೆಕೆಂಡಿಗೆ ಹಲವು ಸಲ ಹೊಸದಾಗುತ್ತದೆ. ಅಂಥ ಒಂದೊಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತಾರೆ. ಹಳೆಯ ಆಟಗಳು ಹೊತ್ತನ್ನು ಸೆಕೆಂಡಿನಲ್ಲಿ ಎಣಿಸುವುದಿಲ್ಲ, ಫ್ರೇಮ್‌ನಲ್ಲಿ ಎಣಿಸುತ್ತವೆ. ಈ ಒಂದು ಸಂಗತಿಯಿಂದಲೇ ಅರ್ಧ ಗೊಂದಲ ಹುಟ್ಟಿದೆ. 3ನೇ ಹಂತದಲ್ಲಿ ಅದು ಬಿಡಿಸಿಕೊಳ್ಳುತ್ತದೆ.

1. ಕೈಲಿರುವುದು ಯಾವ ಮನೆತನದ್ದು ಎಂದು ಗುರುತಿಸಿ

ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ, ಮಾಸ್ಕೋದಲ್ಲಿ. ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್ನೋವ್ ಅದನ್ನು ಎಲೆಕ್ಟ್ರಾನಿಕಾ 60 ಎಂಬ ಯಂತ್ರದಲ್ಲಿ ಬರೆದರು. ಆ ಯಂತ್ರಕ್ಕೆ ಚಿತ್ರ ತೋರಿಸಲು ಬರುತ್ತಿರಲಿಲ್ಲ. ಆದ್ದರಿಂದ ತುಂಡುಗಳನ್ನು ಆವರಣ ಚಿಹ್ನೆಗಳಿಂದ ಮಾಡಿದ್ದರು. ನಾಲ್ಕು ಎಂಬ ಅರ್ಥದ ಗ್ರೀಕ್ ಪದ 'ಟೆಟ್ರಾ' ಮತ್ತು ಅವರಿಗೆ ಇಷ್ಟವಾಗಿದ್ದ ಟೆನಿಸ್ ಸೇರಿ ಈ ಹೆಸರಾಯಿತು. ಅಲ್ಲಿಂದ ಐಬಿಎಂ ಪಿಸಿಗೆ ಬಂತು, ಆಮೇಲೆ ಲೋಕವೆಲ್ಲ ಹರಡಿತು. ಹಕ್ಕು ಯಾರದ್ದು ಎಂಬ ಜಗಳವೂ ಜೊತೆಗೇ ಹರಡಿತು. ಒಬ್ಬೊಬ್ಬರು ತಮ್ಮ ತಮ್ಮ ರೀತಿಯಲ್ಲಿ ಮಾಡಿದ್ದರಿಂದಲೇ ಇಷ್ಟೊಂದು ಕವಲುಗಳಿವೆ.

ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ದೊಡ್ಡ ಆರ್ಕೇಡ್ ಯಂತ್ರಗಳದ್ದು ಒಂದು ಮನೆತನ. ಆರ್ಕೇಡ್ ಎಂದರೆ ನಾಣ್ಯ ಹಾಕಿ ನಿಂತು ಆಡುವ ಯಂತ್ರ. 1988ರಲ್ಲಿ ಅಟಾರಿ ಒಂದು, ಸೆಗಾ ಒಂದು ಬೇರೆ ಬೇರೆ ಯಂತ್ರ ತಂದವು. ಅಟಾರಿಯದ್ದರಲ್ಲಿ ಇಬ್ಬರು ಅಕ್ಕಪಕ್ಕ ಆಡಬಹುದಿತ್ತು. ಸೆಗಾ ಯಂತ್ರ ಜಪಾನಿನಲ್ಲಿ ಜನಪ್ರಿಯವಾಯಿತು. ಅದೇ ಹಾದಿಯಲ್ಲಿ 1998ರಲ್ಲಿ ಅರಿಕಾ ಕಂಪನಿಯ 'ಗ್ರ್ಯಾಂಡ್ ಮಾಸ್ಟರ್' ಸರಣಿ ಬಂತು. ಇದುವರೆಗಿನ ಟೆಟ್ರಿಸ್‌ಗಳಲ್ಲಿ ಅತಿ ಕಠಿಣ ಎಂದು ಹೆಸರಾದದ್ದು ಇದೇ.

ಎರಡನೆಯದು ನಿಂಟೆಂಡೊ ಮನೆತನ. 1989ರಲ್ಲಿ ಕೈಯಲ್ಲಿ ಹಿಡಿಯುವ ಗೇಮ್ ಬಾಯ್‌ಗೂ ಟಿವಿಗೆ ಹಚ್ಚುವ ಎನ್‌ಇಎಸ್‌ಗೂ ಟೆಟ್ರಿಸ್ ಬಂತು. ನಮ್ಮ ಕಡೆ ಮನೆಮನೆಗೆ ಬಂದದ್ದು ಎನ್‌ಇಎಸ್ ಅಲ್ಲ, ಅದರ ಜಪಾನಿ ರೂಪವಾದ ಫ್ಯಾಮಿಕಾಮ್‌ನ ನಕಲುಗಳು. ಹಳದಿ ಕ್ಯಾಸೆಟ್ ಹಾಕಿ ಆಡುತ್ತಿದ್ದೆವು ಅಲ್ವಾ, ಅದೇ.

ಇಲ್ಲೇ ಮೊದಲ ಎಡವಟ್ಟು ಆಗುವುದು. ಕ್ಯಾಸೆಟ್ಟಿನ ಪಟ್ಟಿಯಲ್ಲಿ ಟೆಟ್ರಿಸ್ ಎಂದಿದ್ದರೆ ಅದು ನಿಂಟೆಂಡೊದ್ದೇ ಎಂದು ತಿಳಿಯಬೇಡಿ. ಅದೇ ಯಂತ್ರಕ್ಕೆ ಮೂರು ಕಂಪನಿಗಳ ಟೆಟ್ರಿಸ್‌ಗಳಿದ್ದವು. ಗುರುತು ಹೀಗೆ ಹಿಡಿಯಿರಿ. ಎಡಗಡೆ ಯಾವ ತುಂಡು ಎಷ್ಟು ಬಂತು ಎಂಬ ಲೆಕ್ಕವಿದ್ದು, ಪ್ರತಿ ಲೆವೆಲ್‌ಗೆ ತುಂಡುಗಳ ಬಣ್ಣ ಬದಲಾದರೆ ನಿಂಟೆಂಡೊದ್ದು. ಇಬ್ಬರು ಒಟ್ಟಿಗೆ ಆಡಲು ಬಂದರೆ ಟೆಂಜೆನ್ ಕಂಪನಿಯದ್ದು. ಇದನ್ನು 1989ರಲ್ಲೇ ನ್ಯಾಯಾಲಯದ ಆದೇಶದಿಂದ ಅಮೆರಿಕದ ಅಂಗಡಿಗಳಿಂದ ವಾಪಸ್ ತೆಗೆದರು. ಕೆಳಗಿನ ಬಾಣ ಒತ್ತಿದರೆ ತುಂಡು ತಿರುಗಿ, ಎ ಬಟನ್ ಒತ್ತಿದರೆ ಧೊಪ್ಪೆಂದು ಬಿದ್ದರೆ ಅದು ಜಪಾನಿನ ಬಿಪಿಎಸ್ ಕಂಪನಿ 1988ರಲ್ಲಿ ತಂದದ್ದು. ಅದನ್ನು ಆಡಿ ಬೆಳೆದವರಿಗೆ ಬೇರೆ ಯಾವುದೂ ಕೈಗೆ ಹತ್ತುವುದಿಲ್ಲ. ಅದು ಸಹಜ.

ಮೂರನೆಯದು ಬ್ರಿಕ್ ಗೇಮ್. '9999 ಇನ್ 1' ಎಂದು ಮೇಲೆ ಬರೆದಿರುತ್ತದಲ್ಲ, ಆ ಯಂತ್ರ. ಇವು ಹೆಚ್ಚಾಗಿ ಪರವಾನಗಿ ಇಲ್ಲದವು, ಹಲವು ಕಾರ್ಖಾನೆಗಳಲ್ಲಿ ತಯಾರಾದವು. ಅದಕ್ಕೇ ನಿಮ್ಮದೂ ಪಕ್ಕದ ಮನೆಯವರದೂ ಒಂದೇ ಬಣ್ಣದ್ದಾಗಿದ್ದರೂ ಒಳಗಿನ ನಿಯಮ ಒಂದೇ ಇರಬೇಕೆಂದಿಲ್ಲ.

ನಾಲ್ಕನೆಯದು ಹೊಸಕಾಲದ ಅಧಿಕೃತ ಮನೆತನ. ಪಜಿಟ್ನೋವ್ ಮತ್ತು ಬಿಪಿಎಸ್ ಕಂಪನಿಯ ಸ್ಥಾಪಕ ಹೆಂಕ್ ರೋಜರ್ಸ್ 1996ರಲ್ಲಿ ಟೆಟ್ರಿಸ್ ಕಂಪನಿ ಕಟ್ಟಿದರು. ಆಮೇಲೆ ಆ ಕಂಪನಿ ಎಲ್ಲ ತಯಾರಕರಿಗೂ ಒಂದೇ ನಿಯಮಾವಳಿ ಕೊಟ್ಟಿತು. ಅದನ್ನು ಗೈಡ್‌ಲೈನ್ ಎನ್ನುತ್ತಾರೆ. ಅದರಲ್ಲಿ ಪ್ರತಿ ತುಂಡಿಗೂ ಒಂದು ಬಣ್ಣ, ತುಂಡಿನ ಹೆಸರು ಅದರ ಆಕಾರ ಹೋಲುವ ಇಂಗ್ಲಿಷ್ ಅಕ್ಷರದ್ದು: ಉದ್ದ ಕೋಲು ತಿಳಿನೀಲಿ, ಚೌಕ ಹಳದಿ, ಟಿ ನೇರಳೆ, ಎಸ್ ಹಸಿರು, ಝೆಡ್ ಕೆಂಪು, ಜೆ ನೀಲಿ, ಎಲ್ ಕಿತ್ತಳೆ. ಈ ಬಣ್ಣಗಳು ಕಂಡರೆ ಅದು ಗೈಡ್‌ಲೈನ್ ಮನೆತನ ಎಂದು ಬಹುಮಟ್ಟಿಗೆ ಹೇಳಬಹುದು. ಇಂದಿನ ಮೊಬೈಲ್ ಆಟ, 'ಟೆಟ್ರಿಸ್ 99', 'ಪುಯೊ ಪುಯೊ ಟೆಟ್ರಿಸ್', 'ಟೆಟ್ರಿಸ್ ಎಫೆಕ್ಟ್' ಎಲ್ಲ ಇದರೊಳಗೇ ಬರುತ್ತವೆ.

2. ಅಂಗಳ ಎಣಿಸಿ

ಇದು ಎರಡು ನಿಮಿಷದ ಕೆಲಸ. ಅಡ್ಡಕ್ಕೆ ಎಷ್ಟು ಮನೆ, ಉದ್ದಕ್ಕೆ ಎಷ್ಟು ಮನೆ ಎಂದು ಎಣಿಸಿ ಬರೆಯಿರಿ. ಅಡ್ಡಕ್ಕೆ ಹೆಚ್ಚಾಗಿ ಎಲ್ಲೆಡೆ 10. ಉದ್ದಕ್ಕೆ ಎನ್‌ಇಎಸ್‌ನಲ್ಲಿ 20, ಸಾಮಾನ್ಯ ಬ್ರಿಕ್ ಗೇಮ್‌ನಲ್ಲೂ 20. ಗೇಮ್ ಬಾಯ್‌ನಲ್ಲಿ ಮಾತ್ರ 18. ಎರಡು ಸಾಲು ಕಡಿಮೆ ಎಂದರೆ ತಪ್ಪು ತಿದ್ದಿಕೊಳ್ಳಲು ಎರಡು ಸಾಲಿನ ಹೊತ್ತು ಕಡಿಮೆ ಸಿಗುತ್ತದೆ.

ಹಳೆಯ ಡಬ್ಬಾ ಟಿವಿಯಲ್ಲಿ ಎಣಿಸುವಾಗ ಎಚ್ಚರ. ಆ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗುತ್ತವೆ. ಮೇಲಿನ ಸಾಲು ಕಾಣದೆ ಹೋದರೆ ಆಟದಲ್ಲೇ ಇಲ್ಲ ಎಂದುಕೊಳ್ಳಬೇಡಿ.

3. ವೇಗ ಅಳೆಯಿರಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ನಿಧಾನವಾಗಿ ಮಾಡಿ.

ಆಟವನ್ನು ಅತಿ ಕಡಿಮೆ ಲೆವೆಲ್‌ನಿಂದ ಶುರು ಮಾಡಿ. ಮೊಬೈಲ್‌ನಲ್ಲಿ ವಿಡಿಯೋ ಹಚ್ಚಿಡಿ. ಮೊದಲ ತುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೆಲವು ಆವೃತ್ತಿಗಳಲ್ಲಿ ಅದು ಬೀಳುವ ಮುನ್ನ ಸ್ವಲ್ಪ ಕಾಯುತ್ತದೆ. ಎರಡನೆಯ ತುಂಡನ್ನು ಮುಟ್ಟದೆ ಬಿಡಿ. ಆಮೇಲೆ ವಿಡಿಯೋ ನೋಡುತ್ತ ಆ ತುಂಡು 10 ಸಾಲು ಇಳಿಯಲು ಎಷ್ಟು ಸೆಕೆಂಡು ತಗೊಂಡಿತು ಎಂದು ಬರೆಯಿರಿ. ಹೀಗೆ ಮೂರು ಸಲ ಮಾಡಿ, ನಡುವಿನ ಸಂಖ್ಯೆ ಇಟ್ಟುಕೊಳ್ಳಿ.

ನಿಂಟೆಂಡೊದ ಅಮೆರಿಕದ ಎನ್‌ಇಎಸ್ ಟೆಟ್ರಿಸ್‌ನಲ್ಲಿ ಸೊನ್ನೆ ಲೆವೆಲ್‌ನಲ್ಲಿ ಒಂದು ಸಾಲು ಇಳಿಯಲು 48 ಫ್ರೇಮ್ ಬೇಕು. ಅಲ್ಲಿ ಸೆಕೆಂಡಿಗೆ ಸುಮಾರು 60 ಫ್ರೇಮ್. ಅಂದರೆ ಒಂದು ಸಾಲಿಗೆ 0.8 ಸೆಕೆಂಡು, 10 ಸಾಲಿಗೆ 8 ಸೆಕೆಂಡು.

ಈಗ ನಮ್ಮ ಊರಿನ ಲೆಕ್ಕ ನೋಡಿ. ಆ ಕಾಲದ ಭಾರತದ ಟಿವಿ ಪ್ರಸಾರ ಪಾಲ್ ಪದ್ಧತಿಯದ್ದಾಗಿತ್ತು, ಅಂದರೆ ಸೆಕೆಂಡಿಗೆ 50. ಇಂಥ ದೇಶಗಳಿಗೆಂದು ಮಾಡಿದ ನಕಲು ಯಂತ್ರಗಳು 50ರ ಲೆಕ್ಕದಲ್ಲಿ ಓಡುತ್ತವೆ. ಆದರೆ ಒಳಗೆ ಹಾಕಿದ ಕ್ಯಾಸೆಟ್ಟಿನ ಆಟ 60ರ ಲೆಕ್ಕಕ್ಕೆ ಬರೆದದ್ದಾಗಿದ್ದರೆ? ಅದೇ 48 ಫ್ರೇಮ್‌ಗೆ ಈಗ 0.96 ಸೆಕೆಂಡು ಬೇಕು. 10 ಸಾಲಿಗೆ 9.6 ಸೆಕೆಂಡು. ಆಟ ಪೂರ್ತಿ ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ, ಸಂಗೀತವೂ ಸೇರಿ.

ಯೂಟ್ಯೂಬ್‌ನಲ್ಲಿ ಕಾಣುವ ಅಮೆರಿಕದ ಆಟ ನಿಮಗೆ ಅವಸರದ್ದಾಗಿ ಕಾಣಲು ಕಾರಣ ಇದೇ. ನೀವು ಆಡಿದ್ದು ನಿಜವಾಗಿಯೂ ನಿಧಾನವಾಗಿತ್ತು. ನೆನಪು ಮೋಸ ಮಾಡಿಲ್ಲ.

ಇನ್ನೊಂದು ಸಾಧ್ಯತೆಯೂ ಇದೆ. ನಿಂಟೆಂಡೊ ಯುರೋಪಿನ 50ರ ಟಿವಿಗಳಿಗೆಂದೇ ಬೇರೆ ಆವೃತ್ತಿ ಮಾಡಿತ್ತು. ಅದರಲ್ಲಿ ಸೊನ್ನೆ ಲೆವೆಲ್‌ಗೆ 36 ಫ್ರೇಮ್. ಅಂದರೆ 10 ಸಾಲಿಗೆ 7.2 ಸೆಕೆಂಡು. ಅಮೆರಿಕದ್ದಕ್ಕಿಂತಲೂ ಚುರುಕು. ಆದ್ದರಿಂದ ನಿಮ್ಮ ಅಳತೆ 8ರ ಹತ್ತಿರ ಬಂದರೆ ಅಮೆರಿಕದ್ದು, 9.6ರ ಹತ್ತಿರ ಬಂದರೆ 50ರ ಯಂತ್ರದಲ್ಲಿ ಓಡುತ್ತಿರುವ ಅಮೆರಿಕದ್ದು, 7.2ರ ಹತ್ತಿರ ಬಂದರೆ ಯುರೋಪಿನದ್ದು ಎಂದು ಬರೆದುಕೊಳ್ಳಿ. ಗೇಮ್ ಬಾಯ್‌ನಲ್ಲಿ ಒಂದು ಸಾಲಿಗೆ 53 ಫ್ರೇಮ್, ಅಂದರೆ 10 ಸಾಲಿಗೆ ಸುಮಾರು 8.9 ಸೆಕೆಂಡು ಬರುತ್ತದೆ. ಹೊಸ ಗೈಡ್‌ಲೈನ್ ಆಟಗಳು ಸಾಮಾನ್ಯವಾಗಿ 1ನೇ ಲೆವೆಲ್‌ನಲ್ಲಿ ಸಾಲಿಗೆ ಸುಮಾರು ಒಂದು ಸೆಕೆಂಡಿನಿಂದ ಶುರುವಾಗುತ್ತವೆ.

ಕೆಳ ಲೆವೆಲ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದು ಆವೃತ್ತಿ ಶುರುವಿನಲ್ಲಿ ಸೌಮ್ಯವಾಗಿದ್ದು ಮುಂದೆ ಹಠಾತ್ತನೆ ಏರಬಹುದು. ಅಮೆರಿಕದ ಎನ್‌ಇಎಸ್‌ನಲ್ಲಿ 9ನೇ ಲೆವೆಲ್‌ಗೆ ಸಾಲಿಗೆ 6 ಫ್ರೇಮ್, 18ಕ್ಕೆ 3, 19ರಿಂದ 28ರವರೆಗೆ 2. 29ಕ್ಕೆ ಬಂದಾಗ ಒಂದೇ ಫ್ರೇಮ್. ತುಂಡು ಮೇಲಿಂದ ಕೆಳಕ್ಕೆ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಬಂದುಬಿಡುತ್ತದೆ. ಬಹಳ ವರ್ಷ ಅದೇ ಆಟದ ಕೊನೆ ಎಂದು ಎಲ್ಲರೂ ನಂಬಿದ್ದರು.

4. ಬಟನ್ ಒತ್ತಿ ಹಿಡಿದಾಗ ತುಂಡು ಹೇಗೆ ಸರಿಯುತ್ತದೆ ನೋಡಿ

ಬಲಗಡೆಯ ಬಾಣ ಒತ್ತಿ ಹಿಡಿಯಿರಿ. ತುಂಡು ಒಂದು ಮನೆ ಸರಿದು, ಚೂರು ನಿಂತು, ಆಮೇಲೆ ಸರಸರನೆ ಹೋಗುತ್ತದೆ. ಆ ಚೂರು ನಿಲ್ಲುವ ಹೊತ್ತು ಮತ್ತು ಆಮೇಲಿನ ಓಟದ ವೇಗ, ಇವೆರಡನ್ನೂ ಸೇರಿಸಿ ಆಟಗಾರರು ಡಾಸ್ ಎನ್ನುತ್ತಾರೆ. ನಾವು ಕೈ ಓಟ ಎನ್ನೋಣ.

ಅಮೆರಿಕದ ಎನ್‌ಇಎಸ್‌ನಲ್ಲಿ ಮೊದಲು 16 ಫ್ರೇಮ್ ಕಾಯುತ್ತದೆ, ಆಮೇಲೆ 6 ಫ್ರೇಮ್‌ಗೆ ಒಂದು ಮನೆ. ಸೆಕೆಂಡಿಗೆ 10 ಮನೆ ಎಂದಾಯಿತು. ಗೇಮ್ ಬಾಯ್‌ನಲ್ಲಿ ಇದು ಇನ್ನೂ ನಿಧಾನ. ಈಗ 29ನೇ ಲೆವೆಲ್ ನೆನಪಿಸಿಕೊಳ್ಳಿ. ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ತುಂಡು ನೆಲ ಮುಟ್ಟುತ್ತದೆ. ಅಷ್ಟರಲ್ಲಿ ಒತ್ತಿ ಹಿಡಿದರೆ ಗೋಡೆಯವರೆಗೆ ಹೋಗಲು ಹೊತ್ತೇ ಸಾಲುವುದಿಲ್ಲ. ಅದಕ್ಕೇ ಅಲ್ಲಿ ಎಲ್ಲರೂ ಸೋಲುತ್ತಿದ್ದರು.

2011ರಲ್ಲಿ ಥಾರ್ ಆಕರ್‌ಲುಂಡ್ ಎಂಬ ಆಟಗಾರ ಒತ್ತಿ ಹಿಡಿಯುವುದನ್ನು ಬಿಟ್ಟು, ಬೆರಳನ್ನು ನಡುಗಿಸುತ್ತ ಬಟನ್ ಪಟಪಟ ಬಡಿದು 30ನೇ ಲೆವೆಲ್ ಮುಟ್ಟಿದರು. ಆಮೇಲೆ ಬಂದ ಹುಡುಗರು ರಿಮೋಟಿನ ಬೆನ್ನಿಗೆ ಬೆರಳುಗಳನ್ನು ಒಂದರ ಹಿಂದೆ ಒಂದು ತಬಲಾದಂತೆ ಬಡಿಯುವ ರೋಲಿಂಗ್ ಎಂಬ ವಿದ್ಯೆ ಬೆಳೆಸಿದರು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ 157ನೇ ಲೆವೆಲ್‌ವರೆಗೆ ಹೋಗಿ, ಆಟವೇ ಸ್ತಬ್ಧವಾಗಿ ನಿಲ್ಲುವಂತೆ ಮಾಡಿದ. 1989ರಲ್ಲಿ ಬಂದ ಆಟ ಅದು! ಆ ವಿಡಿಯೋ ನೋಡಿದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇದನ್ನು ಅಳೆಯುವಾಗ ಮೂರು ಕಡೆ ಎಡವುತ್ತಾರೆ.

ಒಂದು, ನಕಲು ಯಂತ್ರಗಳ ರಿಮೋಟಿನಲ್ಲಿ ಟರ್ಬೊ ಬಟನ್ ಇರುತ್ತದೆ. ಒಂದು ಸಲ ಒತ್ತಿದರೆ ಹತ್ತು ಸಲ ಒತ್ತಿದಂತೆ ಕೆಲಸ ಮಾಡುತ್ತದೆ. ಅದನ್ನು ಬಳಸಿ ತಿರುಗಿಸಿದರೆ ತುಂಡು ಗಿರಗಿರ ಸುತ್ತುತ್ತದೆ. ಅಳೆಯುವಾಗ ಟರ್ಬೊ ಮುಟ್ಟಬೇಡಿ.

ಎರಡು, ಟಿವಿಯ ತಡ. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವಿನ ಹೊತ್ತು ಇದು. ಹಳೆಯ ಡಬ್ಬಾ ಟಿವಿಯಲ್ಲಿ ಇದು ಇಲ್ಲವೆಂದೇ ಹೇಳಬೇಕು. ಎಲ್‌ಇಡಿ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಿಂದ ತಡವಾಗುತ್ತದೆ. ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಹಾಕಿ. ಎಷ್ಟು ತಡ ಎಂದು ತಿಳಿಯಬೇಕೆಂದರೆ ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಮೊಬೈಲ್‌ನಲ್ಲಿ ಒಂದು ಫ್ರೇಮ್ ಎಂದರೆ ಸೆಕೆಂಡಿನ ಸಾವಿರದಲ್ಲಿ ಸುಮಾರು 4 ಭಾಗ. ಬೆರಳು ಒತ್ತಿದ ಫ್ರೇಮ್‌ನಿಂದ ತುಂಡು ಅಲುಗಿದ ಫ್ರೇಮ್‌ವರೆಗೆ ಎಣಿಸಿದರೆ ಆಯಿತು. ಆಟದ ತಪ್ಪು ಎಂದು ಬೈಯುವುದರಲ್ಲಿ ಎಷ್ಟೋ ಸಲ ಟಿವಿಯ ತಪ್ಪೇ ಇರುತ್ತದೆ.

ಮೂರು, ಮೊಬೈಲ್ ಪರದೆ. ಅಲ್ಲಿ ಬಟನ್ ಇಲ್ಲ, ಬೆರಳು ಜಾರಿಸಬೇಕು. ಬಟನ್ ಮೋಡ್ ಇರುವ ಆವೃತ್ತಿಯಾದರೆ ಅದನ್ನೇ ಆರಿಸಿ ಹೋಲಿಸಿ. ಜಾರಿಸಿ ಆಡುವುದನ್ನು ಬಟನ್ ಒತ್ತಿ ಆಡುವುದಕ್ಕೆ ಹೋಲಿಸಿದರೆ ನ್ಯಾಯವಾಗುವುದಿಲ್ಲ. ಇನ್ನೊಂದು ಮಾತು, ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಸದ್ದು ತಡವಾಗಿ ಬರುತ್ತದೆ, ಆಟವೇ ತಡ ಎನಿಸುತ್ತದೆ. ತೆಗೆದಿಡಿ.

5. ಗೋಡೆಯ ಪಕ್ಕ ತಿರುಗಿಸಿ ನೋಡಿ

ಉದ್ದ ಕೋಲನ್ನು ನಿಲ್ಲಿಸಿ, ಎಡಗೋಡೆಗೆ ಒತ್ತಿಡಿ. ಈಗ ತಿರುಗಿಸಿ. ಏನೂ ಆಗದಿದ್ದರೆ ಹಳೆಯ ನಿಯಮ. ಕೋಲು ತಾನೇ ಒಳಕ್ಕೆ ಸರಿದು ಮಲಗಿದರೆ ಅದಕ್ಕೆ ವಾಲ್ ಕಿಕ್ ಎನ್ನುತ್ತಾರೆ. ಗೋಡೆ ತುಂಡನ್ನು ಒದ್ದು ಜಾಗ ಮಾಡಿಕೊಡುತ್ತದೆ ಎಂದು ಅರ್ಥ.

ಎನ್‌ಇಎಸ್, ಗೇಮ್ ಬಾಯ್, ಸೆಗಾ ಯಂತ್ರ ಇವುಗಳಲ್ಲಿ ವಾಲ್ ಕಿಕ್ ಇಲ್ಲ. ಗೈಡ್‌ಲೈನ್ ಆಟಗಳಲ್ಲಿ ಧಾರಾಳವಾಗಿದೆ. ಬರೀ ಗೋಡೆಯಲ್ಲ, ಪಕ್ಕದ ತುಂಡುಗಳಿಂದಲೂ ಒದೆಸಿಕೊಂಡು ಇಕ್ಕಟ್ಟಾದ ಸಂದಿಯೊಳಗೆ ತಿರುಗಿ ಕೂರುತ್ತದೆ. ಟಿ ತುಂಡನ್ನು ಹೀಗೆ ಸಂದಿಗೆ ತಿರುಗಿಸಿ ಹಾಕುವುದಕ್ಕೆ ಟಿ ಸ್ಪಿನ್ ಎಂದು ಹೆಸರು. ಹಳೆಯ ಆಟಗಾರರು ಮೊಬೈಲ್‌ನಲ್ಲಿ ಸೋಲುವುದು, ಹೊಸ ಹುಡುಗರು ಕ್ಯಾಸೆಟ್ ಆಟದಲ್ಲಿ ಸೋಲುವುದು ಬಹುಪಾಲು ಇಲ್ಲೇ.

ತಿರುಗಿಸಲು ಒಂದೇ ಬಟನ್ನೋ ಎರಡೋ ಎಂಬುದನ್ನೂ ಬರೆದುಕೊಳ್ಳಿ.

6. ನೆಲ ಮುಟ್ಟಿದ ಮೇಲೆ ಎಷ್ಟು ಹೊತ್ತು ಸರಿಸಬಹುದು?

ತುಂಡು ಕೆಳಗೆ ಮುಟ್ಟಿದ ಕೂಡಲೇ ಪಕ್ಕಕ್ಕೆ ಸರಿಸಲು ನೋಡಿ. ಮುಟ್ಟಿದ ಮೇಲೆ ಅಂಟಿಕೊಳ್ಳುವವರೆಗಿನ ಈ ಹೊತ್ತಿಗೆ ಲಾಕ್ ಡಿಲೇ ಎನ್ನುತ್ತಾರೆ. ಸಿಮೆಂಟಿನ ಮಾತು ಹೇಳಿದೆನಲ್ಲ, ಅದು ಇದೇ.

ಎನ್‌ಇಎಸ್‌ನಲ್ಲಿ ಇದಕ್ಕೆ ಬೇರೆ ಹೊತ್ತಿಲ್ಲ. ಮುಂದಿನ ಸಾಲಿಗೆ ಇಳಿಯುವ ಹೊತ್ತು ಬಂದಾಗ ಜಾಗ ಇಲ್ಲದಿದ್ದರೆ ತುಂಡು ಅಲ್ಲೇ ಅಂಟುತ್ತದೆ. ಅಂದರೆ ವೇಗ ಏರಿದಷ್ಟೂ ಸರಿಸುವ ಅವಕಾಶ ಕರಗುತ್ತದೆ. ಸೆಗಾ ಆರ್ಕೇಡ್ ಯಂತ್ರ 1988ರಲ್ಲೇ ಬೇರೆ ದಾರಿ ಹಿಡಿಯಿತು. ವೇಗ ಎಷ್ಟೇ ಇರಲಿ, ಮುಟ್ಟಿದ ಮೇಲೆ ಸುಮಾರು ಅರ್ಧ ಸೆಕೆಂಡು ಕೊಟ್ಟಿತು. ಗ್ರ್ಯಾಂಡ್ ಮಾಸ್ಟರ್ ಸರಣಿ ನಿಂತಿರುವುದೇ ಈ ಅರ್ಧ ಸೆಕೆಂಡಿನ ಮೇಲೆ. ಅದರಲ್ಲಿ ಕೊನೆಗೆ ತುಂಡು ಬೀಳುವುದೇ ಕಾಣುವುದಿಲ್ಲ, ಹುಟ್ಟುತ್ತಲೇ ಕೆಳಗಿರುತ್ತದೆ. ಇದನ್ನು 20ಜಿ ಎನ್ನುತ್ತಾರೆ. ಒಂದು ಫ್ರೇಮ್‌ಗೆ 20 ಸಾಲು ಎಂದರ್ಥ. ಆಟಗಾರ ಕೆಳಗೇ ಅದನ್ನು ತಳ್ಳುತ್ತ, ತಿರುಗಿಸುತ್ತ ಜಾಗ ಹುಡುಕಬೇಕು. ನನ್ನ ಮಟ್ಟಿಗೆ ಟೆಟ್ರಿಸ್ ಚರಿತ್ರೆಯಲ್ಲಿ ಆರ್ಕೇಡ್ ಯಂತ್ರಗಳು ಕೊಟ್ಟ ಅತಿ ದೊಡ್ಡ ಕೊಡುಗೆ ಈ ಒಂದು ನಿಯಮ. ವೇಗ ಒಂದೇ ಕಷ್ಟವಲ್ಲ ಎಂದು ತೋರಿಸಿಕೊಟ್ಟದ್ದು ಅದು.

ಗೈಡ್‌ಲೈನ್ ಆಟಗಳಲ್ಲೂ ಅರ್ಧ ಸೆಕೆಂಡೇ. ಆದರೆ ಸರಿಸಿದಾಗ, ತಿರುಗಿಸಿದಾಗ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. 2001ರ 'ಟೆಟ್ರಿಸ್ ವರ್ಲ್ಡ್ಸ್'ನಲ್ಲಿ ತಿರುಗಿಸುತ್ತಲೇ ಇದ್ದರೆ ತುಂಡು ಅಂಟುತ್ತಲೇ ಇರಲಿಲ್ಲ. ಆಟವೇ ಸಪ್ಪೆಯಾಯಿತು ಎಂದು ಆಟಗಾರರು ಬೇಸರಪಟ್ಟರು. ಈಗ ಹೆಚ್ಚಿನವುಗಳಲ್ಲಿ 15 ಸಲ ಎಂಬ ಮಿತಿ ಇದೆ. ನಿಮ್ಮ ಮೊಬೈಲ್ ಆಟದಲ್ಲಿ ಎಷ್ಟು ಸಲ ಬಿಡುತ್ತದೆ ಎಂದು ಎಣಿಸಿ ಬರೆಯಿರಿ.

7. ತುಂಡುಗಳ ಸರದಿ ಬರೆದಿಡಿ

ನೋಟ್‌ಬುಕ್ ನಿಜವಾಗಿ ಬೇಕಾಗುವುದು ಇಲ್ಲಿ. ಆಟ ಶುರುವಾದ ಮೊದಲ ತುಂಡಿನಿಂದ 28 ತುಂಡುಗಳ ಹೆಸರನ್ನು ಬಂದ ಕ್ರಮದಲ್ಲೇ ಬರೆಯಿರಿ. ಒಂದು ಸಾಲಿಗೆ ಏಳು, ನಾಲ್ಕು ಸಾಲು. ಬರೆಯಲು ಆಗದಿದ್ದರೆ ವಿಡಿಯೋ ತೆಗೆದು ಆಮೇಲೆ ಬರೆಯಿರಿ.

ಪ್ರತಿ ಸಾಲಿನಲ್ಲೂ ಏಳೂ ತುಂಡುಗಳು ಒಂದೊಂದು ಸಲ ಬಂದಿದ್ದರೆ ಅದು ಚೀಲದ ಪದ್ಧತಿ. ಏಳು ತುಂಡುಗಳನ್ನು ಒಂದು ಚೀಲಕ್ಕೆ ಹಾಕಿ, ಕಲಸಿ, ಒಂದೊಂದಾಗಿ ತೆಗೆಯುತ್ತಾರೆ. ಖಾಲಿಯಾದ ಮೇಲೆ ಮತ್ತೆ ಏಳು. ಗೈಡ್‌ಲೈನ್ ಆಟಗಳ ನಿಯಮ ಇದು. ಇದರಲ್ಲಿ ಎರಡು ಉದ್ದ ಕೋಲುಗಳ ನಡುವೆ ಹೆಚ್ಚೆಂದರೆ 12 ಬೇರೆ ತುಂಡುಗಳು ಬರಬಹುದು. ಅದಕ್ಕಿಂತ ಜಾಸ್ತಿ ಕಾಯಿಸುವುದಿಲ್ಲ.

ಹಳೆಯವುಗಳಲ್ಲಿ ಈ ಭರವಸೆ ಇಲ್ಲ. ಎನ್‌ಇಎಸ್‌ನಲ್ಲಿ ದಾಳ ಹಾಕಿದಂತೆ ಒಂದು ತುಂಡು ಆರಿಸುತ್ತದೆ. ಹಿಂದಿನದೇ ಬಂದರೆ ಇನ್ನೊಂದು ಸಲ ದಾಳ ಹಾಕುತ್ತದೆ, ಅಷ್ಟೇ. ಸುಮ್ನೆ ದಾಳದಂತೆ ಬಂದರೆ 12 ತುಂಡು ಕಳೆದರೂ ಕೋಲು ಬಾರದಿರುವ ಸಂಭವ ಶೇಕಡಾ 15ಕ್ಕಿಂತ ಹೆಚ್ಚು. ಮಳೆಗಾಗಿ ಮುಗಿಲು ನೋಡಿದ ನಮ್ಮ ಕಡೆಯವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಟಗಾರರೂ ಇದನ್ನು ಬರಗಾಲ ಎಂಬ ಅರ್ಥದ ಪದದಿಂದಲೇ ಕರೆಯುತ್ತಾರೆ. ಹಳೆಯ ಆಟ ಆಡುವವರು ಕೋಲು ಬಾರದಿದ್ದರೂ ಬದುಕುವಂತೆ ಜೋಡಿಸಬೇಕು. ಕೋಲು ಇಳಿಸಲೆಂದು ಒಂದು ಮನೆ ಅಗಲದ ಆಳದ ಸಂದಿಯನ್ನೇ, ಅಂದರೆ ಒಂದೇ ಬಾವಿ ಬಿಟ್ಟು ಕೂತರೆ ಮುಳುಗುತ್ತಾರೆ.

ಸೆಗಾ ಯಂತ್ರದಲ್ಲಿ ಇನ್ನೊಂದು ವಿಶೇಷ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಪ್ರತಿ ಸಲವೂ ತುಂಡುಗಳು ಅದೇ ಸರದಿಯಲ್ಲಿ ಬರುತ್ತವೆ. ನಿಮ್ಮ ಬ್ರಿಕ್ ಗೇಮ್‌ನಲ್ಲಿ ಹೀಗಿದೆಯೇ ಎಂದು ಸೆಲ್ ತೆಗೆದು ಹಾಕಿ ಪರೀಕ್ಷಿಸಿ.

ಇಲ್ಲಿ ಆಗುವ ತಪ್ಪು ಒಂದೇ. ಆಟದ ನಡುವಿನಿಂದ ಬರೆಯಲು ಶುರು ಮಾಡಿದರೆ ಚೀಲ ಎಲ್ಲಿ ಶುರುವಾಯಿತು ಎಂದು ತಿಳಿಯದೆ, ಚೀಲದ ಪದ್ಧತಿ ಇದ್ದರೂ ಇಲ್ಲದಂತೆ ಕಾಣುತ್ತದೆ. ಮೊದಲ ತುಂಡಿನಿಂದಲೇ ಬರೆಯಿರಿ.

8. ಅಂಕದ ಲೆಕ್ಕ

ಒಂದು ಆವೃತ್ತಿಯ ಅಂಕವನ್ನು ಇನ್ನೊಂದರ ಅಂಕಕ್ಕೆ ಹೋಲಿಸಬೇಡಿ, ಅರ್ಥವಿಲ್ಲ. ಆದರೆ ಅಂಕದ ನಿಯಮ ನೋಡಿ. ಯಾವ ಆಟ ಯಾವುದಕ್ಕೆ ಬೆಲೆ ಕೊಡುತ್ತದೆ ಎಂದು ಅದರಿಂದ ತಿಳಿಯುತ್ತದೆ.

ಎನ್‌ಇಎಸ್ ಮತ್ತು ಗೇಮ್ ಬಾಯ್‌ನಲ್ಲಿ ಒಂದು ಸಾಲಿಗೆ 40, ಎರಡಕ್ಕೆ 100, ಮೂರಕ್ಕೆ 300, ಒಟ್ಟಿಗೆ ನಾಲ್ಕಕ್ಕೆ 1200. ಇದನ್ನು ಲೆವೆಲ್‌ಗೆ ಒಂದು ಕೂಡಿಸಿ ಗುಣಿಸುತ್ತಾರೆ. ಒಂದೊಂದಾಗಿ ನಾಲ್ಕು ಸಾಲು ಅಳಿಸಿದರೆ 160, ಒಟ್ಟಿಗೆ ಅಳಿಸಿದರೆ ಅದರ ಏಳೂವರೆ ಪಟ್ಟು. ಗೈಡ್‌ಲೈನ್‌ನಲ್ಲಿ 100, 300, 500, 800. ಇಲ್ಲಿ ಒಟ್ಟಿಗೆ ನಾಲ್ಕಕ್ಕೆ ಎರಡು ಪಟ್ಟು ಮಾತ್ರ. ಆದರೆ ಟಿ ಸ್ಪಿನ್ ಮಾಡಿ ಎರಡು ಸಾಲು ಅಳಿಸಿದರೆ 1200. ಆದ್ದರಿಂದ ಹಳೆಯದರಲ್ಲಿ ಕೋಲು ರಾಜ, ಹೊಸದರಲ್ಲಿ ಟಿ.

ಯಾರಿಗೆ ಯಾವುದು

ಇಷ್ಟು ಅಳೆದ ಮೇಲೆ ನಿಮಗೇ ಗೊತ್ತಾಗುತ್ತದೆ. ಆದರೂ ಕೇಳುತ್ತಾರೆಂದು ನನ್ನ ಅಭಿಪ್ರಾಯ ಹೇಳುತ್ತೇನೆ.

ಮಕ್ಕಳಿಗೆ ಮೊದಲ ಸಲ ಕೊಡುವುದಾದರೆ ಅಧಿಕೃತ ಮೊಬೈಲ್ ಆಟ ಸಾಕು, ಅಥವಾ ಟೆಟ್ರಿಸ್ ಕಂಪನಿಯ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಆಡಬಹುದು. ಮೊದಲು ಹಾಕಿಕೊಂಡಿದ್ದ ಆಟ ಮಾಯವಾಗಿದೆ ಎಂದು ಹಲವರು ಕೇಳಿದ್ದಾರೆ. ಇಎ ಕಂಪನಿಯ ಮೊಬೈಲ್ ಟೆಟ್ರಿಸ್ 2020ರ ಏಪ್ರಿಲ್‌ನಲ್ಲಿ ನಿಂತಿತು. ಈಗ ಸಿಗುವುದು ಬೇರೆ ಕಂಪನಿ ಮಾಡಿದ್ದು, ಕೈಗೆ ಬೇರೆಯಾಗಿಯೇ ಅನಿಸುತ್ತದೆ. ಆ್ಯಪ್ ಸ್ಟೋರ್‌ನಲ್ಲಿ ಹೆಸರು ಸ್ವಲ್ಪ ಬದಲಿಸಿದ ನಕಲುಗಳು ತುಂಬಾ ಇವೆ. ಹಾಕಿಕೊಳ್ಳುವ ಮುನ್ನ ತಯಾರಕರ ಹೆಸರು ನೋಡಿ.

ಕ್ಯಾಸೆಟ್ ಕಾಲದ ಕೈ ಬೇಕು ಎನ್ನುವವರಿಗೆ 'ಟೆಟ್ರಿಸ್ ಎಫೆಕ್ಟ್ ಕನೆಕ್ಟೆಡ್'ನಲ್ಲಿ ಹಳೆಯ ನಿಯಮದ ಕ್ಲಾಸಿಕ್ ಸ್ಕೋರ್ ಅಟ್ಯಾಕ್ ಎಂಬ ಭಾಗವಿದೆ. ಕಂಪ್ಯೂಟರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಿಂದ ಕೊಳ್ಳಬಹುದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗೂ ಇದೆ. ನಿಂಟೆಂಡೊ ಸ್ವಿಚ್ ಇದ್ದವರಿಗೆ ಗೇಮ್ ಬಾಯ್ ಟೆಟ್ರಿಸ್ 2023ರಲ್ಲಿ, ಎನ್‌ಇಎಸ್ ಟೆಟ್ರಿಸ್ 2024ರ ಡಿಸೆಂಬರ್‌ನಲ್ಲಿ ಅದರ ಆನ್‌ಲೈನ್ ಚಂದಾದಲ್ಲಿ ಸೇರಿವೆ.

ಚರಿತ್ರೆ ಇಷ್ಟಪಡುವವರಿಗೆ 2024ರಲ್ಲಿ ಬಂದ 'ಟೆಟ್ರಿಸ್ ಫಾರೆವರ್' ಚೆನ್ನಾಗಿದೆ. ಎಲೆಕ್ಟ್ರಾನಿಕಾ 60ರ ರೂಪವನ್ನು ಮತ್ತೆ ಕಟ್ಟಿ ಕೊಟ್ಟಿದ್ದಾರೆ, ಬಿಪಿಎಸ್ ಕ್ಯಾಸೆಟ್ ಆಟವೂ ಇದೆ. ಆದರೆ ನಿಂಟೆಂಡೊ ಮಾಡಿದ ಎನ್‌ಇಎಸ್, ಗೇಮ್ ಬಾಯ್ ಆವೃತ್ತಿಗಳು ಇದರಲ್ಲಿಲ್ಲ. ಅವೇ ಬೇಕೆಂದು ಇದನ್ನು ಕೊಂಡು ನಿರಾಶರಾಗಬೇಡಿ.

ಕೈ ಪಳಗಿದವರು, ಇನ್ನೂ ಮುಂದೆ ಹೋಗಬೇಕೆನ್ನುವವರು ಗ್ರ್ಯಾಂಡ್ ಮಾಸ್ಟರ್ ಹಿಡಿಯಿರಿ. ಮೊದಲ ಎರಡು ಯಂತ್ರಗಳು ಆರ್ಕೇಡ್ ಆರ್ಕೈವ್ಸ್ ಹೆಸರಿನಲ್ಲಿ ಪ್ಲೇಸ್ಟೇಷನ್ 4 ಮತ್ತು ಸ್ವಿಚ್‌ಗೆ ಬಂದಿವೆ. ನಾಲ್ಕನೆಯದು 2025ರಲ್ಲಿ ಸ್ಟೀಮ್‌ಗೆ ಬಂತು. ಮೊದಲನೆಯದರಲ್ಲಿ 999ನೇ ಲೆವೆಲ್ ಮುಟ್ಟಿದರೆ ಸಾಲದು, ಗ್ರ್ಯಾಂಡ್ ಮಾಸ್ಟರ್ ಪದವಿ ಬೇಕೆಂದರೆ 13 ನಿಮಿಷ 30 ಸೆಕೆಂಡಿನೊಳಗೆ ಮುಟ್ಟಬೇಕು. ಎಡವಟ್ಟಾದರೆ ಬೇಸರ ಬೇಡ, ಅದು ವರ್ಷಗಟ್ಟಲೆ ಹಿಡಿಯುವ ಕೆಲಸ.

ಇನ್ನು ಕಪಾಟಿನಲ್ಲಿ ಹಳೆಯ ಬ್ರಿಕ್ ಗೇಮ್ ಇದ್ದರೆ ಎಸೆಯಬೇಡಿ. ಹಿಂದಿನ ಮುಚ್ಚಳ ತೆಗೆದು ನೋಡಿ. ಒಳಗೆ ಬಿಟ್ಟ ಸೆಲ್ ಸೋರಿ ತಗಡಿನ ಮೇಲೆ ಬಿಳಿ, ಹಸಿರು ಪುಡಿ ಕೂತಿರುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟದೆ ಒಣ ಬಟ್ಟೆಯಿಂದ ಒರೆಸಿ, ಆಮೇಲೆ ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ತಗಡು ಹೊಳೆಯುವವರೆಗೆ ಉಜ್ಜಿ. ಹೊಸ ಸೆಲ್ ಹಾಕಿ. ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಅಂಗಳದಲ್ಲೋ ಬೈಕಿನ ಡಿಕ್ಕಿಯಲ್ಲೋ ಇಡಬೇಡಿ, ಪರದೆ ಪೂರ್ತಿ ಕಪ್ಪಾಗುತ್ತದೆ. ಕಪ್ಪಾಗಿದ್ದರೂ ಗಾಬರಿ ಬೇಡ. ನೆರಳಿನಲ್ಲಿ ಇಟ್ಟು ತಣ್ಣಗಾದ ಮೇಲೆ ಸಾಮಾನ್ಯವಾಗಿ ಸರಿಯಾಗುತ್ತದೆ. ಸರಿಯಾದ ಮೇಲೆ ಸೊನ್ನೆ ಸ್ಪೀಡಿನಲ್ಲಿ ಹಚ್ಚಿ, 10 ಸಾಲಿಗೆ ಎಷ್ಟು ಸೆಕೆಂಡು ಬಂತು ಎಂದು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ.